ಸುಣ್ಣ ಕುದಿಯುತ್ತದೆ, ಯೂರಿಯಾ ತಣ್ಣಗಾಗುತ್ತದೆ: ರಾಸಾಯನಿಕ ಕ್ರಿಯೆಯ ಬಿಸಿಯನ್ನು ಮನೆಯಲ್ಲೇ ಅಳೆಯುವುದು ಹೇಗೆ

ಅಕ್ಕನ ಮಗ ಫಸ್ಟ್ ಪಿಯುಸಿ. ಥರ್ಮೊಡೈನಮಿಕ್ಸ್ ಪಾಠ ಪೂರ್ತಿ ಬಾಯಿಪಾಠ ಮಾಡಿದ್ದ. ಬಹಿರುಷ್ಣಕ ಕ್ರಿಯೆ ಅಂದರೆ ಡೆಲ್ಟಾ ಎಚ್ ಮೈನಸ್, ಅಂತರುಷ್ಣಕ ಅಂದರೆ ಪ್ಲಸ್, ಗಿಣಿಪಾಠ ಒಪ್ಪಿಸಿದ. "ಸರಿ, ಡೆಲ್ಟಾ ಎಚ್ ಮೈನಸ್ ಇರುವ ಕ್ರಿಯೆ ಈ ಲೋಟದಲ್ಲಿ ನಡೆದರೆ ಲೋಟ ಬಿಸಿ ಆಗುತ್ತದೋ, ತಣ್ಣಗಾಗುತ್ತದೋ?" ಅಂತ ಕೇಳಿದೆ. ಒಂದು ನಿಮಿಷ ತಲೆ ಕೆರೆದುಕೊಂಡು, "ಮೈನಸ್ ಅಂದ್ರೆ ಕಮ್ಮಿ ಅಲ್ವಾ ಮಾಮ, ತಣ್ಣಗಾಗುತ್ತೆ" ಅಂದ.

ಉಲ್ಟಾ. ಬಹಿರುಷ್ಣಕ ಅಂದರೆ ಶಾಖ ಹೊರಗೆ ಬಿಡುವ ಕ್ರಿಯೆ, ಅಂತರುಷ್ಣಕ ಅಂದರೆ ಶಾಖ ಹೀರುವ ಕ್ರಿಯೆ, ಆ ಶಾಖದ ಲೆಕ್ಕವೇ ಡೆಲ್ಟಾ ಎಚ್. ಮೈನಸ್ ಇದ್ದರೆ ಲೋಟ ಬಿಸಿಯಾಗುತ್ತದೆ. ಆದರೆ ಅವನನ್ನು ಬೈಯೋಕೆ ಮನಸ್ಸು ಬರಲಿಲ್ಲ. ಆ ಮೈನಸ್ ಎಲ್ಲಿಂದ ಬಂತು ಅಂತ ಅವನಿಗೆ ಯಾರೂ ತೋರಿಸಿಲ್ಲ. ಆ ಭಾನುವಾರ ಅಡುಗೆಮನೆ ಕಟ್ಟೆ ಮೇಲೆ ಕೂತು ಅಳೆದೇ ನೋಡಿದೆವು. ನಾವು ಮಾಡಿದ್ದನ್ನ, ಕೆಡಿಸಿಕೊಂಡಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ನೀವೂ ಮಾಡಬಹುದು. ಒಂದು ಥರ್ಮಾಮೀಟರ್, ಎರಡು ಪೇಪರ್ ಕಪ್, ಒಂದು ತಕ್ಕಡಿ ಇದ್ದರೆ ಸಾಕು.

ಮೊದಲು ಸಾಮಾನು

ಜ್ವರ ನೋಡುವ ಥರ್ಮಾಮೀಟರ್ ಬೇಡ. ಅದು 35ರಿಂದ 42 ಡಿಗ್ರಿ ಒಳಗೆ ಮಾತ್ರ ಕೆಲಸ ಮಾಡುತ್ತದೆ, ನಮ್ಮ ನೀರು 17ಕ್ಕೂ ಇಳಿಯುತ್ತದೆ, 45ಕ್ಕೂ ಹೋಗಬಹುದು. ಅಡುಗೆಗೆ ಅಂತ ಸಿಗುವ, ಉದ್ದ ಕಡ್ಡಿ ಇರುವ ಡಿಜಿಟಲ್ ಥರ್ಮಾಮೀಟರ್ ತಗೊಳ್ಳಿ. ಕಾಲೇಜಿನ ಲ್ಯಾಬಲ್ಲಿರುವ ಕೆಂಪು ದ್ರವದ ಗಾಜಿನ ಥರ್ಮಾಮೀಟರ್ ಸಿಕ್ಕರೂ ಆಯ್ತು. ಹಳೇ ಪಾದರಸದ್ದು ಮನೆಯಲ್ಲಿದ್ದರೆ ಮುಟ್ಟಬೇಡಿ, ಒಡೆದರೆ ಗೋಳು.

ತಂದ ತಕ್ಷಣ ಅದನ್ನೇ ಒಮ್ಮೆ ಪರೀಕ್ಷೆ ಮಾಡಿ. ಐಸ್ ಪುಡಿ ಮಾಡಿ ಲೋಟ ತುಂಬಾ ಹಾಕಿ, ಸ್ವಲ್ಪ ನೀರು ಬಿಟ್ಟು ಕಲಕಿ ಕಡ್ಡಿ ಇಡಿ. ಸೊನ್ನೆ ಅಥವಾ ಅದರ ಆಸುಪಾಸು ತೋರಿಸಬೇಕು. ಆಮೇಲೆ ಕುದಿಯುವ ನೀರಲ್ಲಿ ಇಡಿ. ಬೆಂಗಳೂರಿನಲ್ಲಿದ್ದರೆ 97 ತೋರಿಸುತ್ತದೆ. ಅಂಗಡಿಯವನು ಮೋಸ ಮಾಡಿದ ಅಂತ ಜಗಳಕ್ಕೆ ಹೋಗಬೇಡಿ. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಕಮ್ಮಿ, ನೀರು ಮೂರು ಡಿಗ್ರಿ ಮೊದಲೇ ಕುದಿಯುತ್ತದೆ. ಮಂಗಳೂರಿನವರಿಗೆ 100 ಸಿಗುತ್ತದೆ.

ಕಪ್ ವಿಷಯ. ಒಂದು ಪೇಪರ್ ಕಪ್ಪಿನೊಳಗೆ ಇನ್ನೊಂದು ಕೂರಿಸಿ. ನಡುವೆ ನಿಲ್ಲುವ ಗಾಳಿ ಶಾಖವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ, ಒಳಗೂ ಬಿಡುವುದಿಲ್ಲ. ಥರ್ಮೊಕೋಲ್ ಲೋಟ ಸಿಕ್ಕರೆ ಇನ್ನೂ ಒಳ್ಳೆಯದು. ಮೇಲೆ ರಟ್ಟಿನ ಮುಚ್ಚಳ, ಅದರಲ್ಲಿ ಕಡ್ಡಿ ಹೋಗುವಷ್ಟು ತೂತು. ಇದಕ್ಕೇ ಪುಸ್ತಕದಲ್ಲಿ ಕ್ಯಾಲರಿಮೀಟರ್ ಅನ್ನುವುದು. ಸುಮ್ನೆ ದೊಡ್ಡ ಹೆಸರು. 1782-83ರ ಚಳಿಗಾಲದಲ್ಲಿ ಪ್ಯಾರಿಸಿನಲ್ಲಿ ಲವಾಸಿಯೆ ಮತ್ತು ಲಾಪ್ಲಾಸ್ ಅನ್ನುವ ವಿಜ್ಞಾನಿಗಳು ಇದೇ ಕೆಲಸಕ್ಕೆ ಪಾತ್ರೆಯ ಸುತ್ತ ಐಸ್ ತುಂಬಿ, ಎಷ್ಟು ಐಸ್ ಕರಗಿ ನೀರಾಯಿತು ಅಂತ ತೂಗಿ ಲೆಕ್ಕ ಹಾಕಿದ್ದರು. ಒಂದು ಗಿನಿಪಿಗ್ಗನ್ನೂ ಒಳಗೆ ಕೂರಿಸಿ ಅದರ ಮೈಶಾಖ ಅಳೆದಿದ್ದರು. ನಮಗೆ ಅಷ್ಟು ಕಷ್ಟ ಇಲ್ಲ.

ತಕ್ಕಡಿ ಒಂದು ಗ್ರಾಂ ತೋರಿಸುವಂಥದ್ದಾದರೆ ಸಾಕು.

ಯೂರಿಯಾದಿಂದ ಶುರು ಮಾಡಿ

ಊರಲ್ಲಿ ಗೊಬ್ಬರ ಎರಚಿದವರಿಗೆ ಗೊತ್ತಿರುತ್ತದೆ. ಒದ್ದೆ ಕೈಯಲ್ಲಿ ಯೂರಿಯಾ ಹಿಡಿದರೆ ಅಂಗೈ ಜುಂ ಅನ್ನುವಷ್ಟು ತಣ್ಣಗಾಗುತ್ತದೆ. ಅದೇ ನಮ್ಮ ಮೊದಲ ಪ್ರಯೋಗ. ಇದರಲ್ಲಿ ಅಪಾಯ ಇಲ್ಲ, ಖರ್ಚಿಲ್ಲ, ಉತ್ತರವೂ ಚೆನ್ನಾಗಿ ಬರುತ್ತದೆ. ನರ್ಸರಿಯಲ್ಲಿ ಅಥವಾ ಪರಿಚಯದ ರೈತರ ಹತ್ತಿರ ಒಂದು ಹಿಡಿ ಕೇಳಿ. ಈಗ ಬರುವುದು ಬಹುಪಾಲು ಬೇವಿನೆಣ್ಣೆ ಲೇಪಿಸಿದ ಯೂರಿಯಾ, ಸ್ವಲ್ಪ ವಾಸನೆ ಇರುತ್ತದೆ, ಅಡ್ಡಿಯಿಲ್ಲ.

ಕಪ್ಪಿಗೆ 50 ಮಿಲಿ ನೀರು ಹಾಕಿ. ಹಿಂದಿನ ರಾತ್ರಿಯೇ ನೀರು, ಯೂರಿಯಾ, ಕಪ್ ಎಲ್ಲ ಒಂದೇ ಕಡೆ ಇಟ್ಟಿರಿ, ಎಲ್ಲದರ ಬಿಸಿಯೂ ಒಂದೇ ಇರಬೇಕು. ನಾವು ಮೊದಲ ಸಲ ನಲ್ಲಿಯಿಂದ ಆಗ ತಾನೇ ಹಿಡಿದ ನೀರು ಹಾಕಿ ಕೆಟ್ಟೆವು. ಟ್ಯಾಂಕಿನ ನೀರು ಬಿಸಿಲಿಗೆ ಕಾದಿತ್ತು, ಯೂರಿಯಾ ಹಾಕುವ ಮೊದಲೇ ಥರ್ಮಾಮೀಟರ್ ಇಳಿಯುತ್ತಾ ಹೋಯಿತು.

ಎರಡು ನಿಮಿಷ ಸುಮ್ಮನೆ ನೀರಿನ ಡಿಗ್ರಿ ಬರೆದುಕೊಳ್ಳಿ, ಅರ್ಧ ನಿಮಿಷಕ್ಕೊಮ್ಮೆ. ಆಮೇಲೆ 10 ಗ್ರಾಂ ಯೂರಿಯಾ ಒಂದೇ ಸಲ ಸುರಿದು ಐಸ್‌ಕ್ರೀಮ್ ಕಡ್ಡಿಯಲ್ಲಿ ಕಲಕುತ್ತಾ ಇರಿ. ಸ್ಟೀಲ್ ಚಮಚ ಬೇಡ, ಅದು ಕೈಯ ಬಿಸಿಯನ್ನು ಒಳಗೆ ತರುತ್ತದೆ. ಅರ್ಧ ನಿಮಿಷಕ್ಕೊಮ್ಮೆ ಬರೆಯುವುದನ್ನು ಐದಾರು ನಿಮಿಷ ಬಿಡಬೇಡಿ.

ನಮ್ಮದು 26 ಡಿಗ್ರಿಯಲ್ಲಿ ಶುರುವಾಗಿ 17.4ಕ್ಕೆ ಇಳಿಯಿತು. ಆಮೇಲೆ ನಿಧಾನಕ್ಕೆ ಹತ್ತೋಕೆ ಶುರು. ಯಾಕೆಂದರೆ ಕೋಣೆಯ ಗಾಳಿ ಕಪ್ಪನ್ನು ಬಿಸಿ ಮಾಡುತ್ತಲೇ ಇರುತ್ತದೆ. ಯೂರಿಯಾ ಕರಗುವ ಹೊತ್ತಿನಲ್ಲೂ ಈ ಕಳ್ಳತನ ನಡೆದೇ ಇರುತ್ತದೆ, ಹಾಗಾಗಿ 17.4 ಅನ್ನುವುದು ನಿಜವಾದ ತಳ ಅಲ್ಲ. ಇದಕ್ಕೊಂದು ಉಪಾಯ ಇದೆ. ಗ್ರಾಫ್ ಹಾಳೆಯಲ್ಲಿ ಸಮಯ ಅಡ್ಡಕ್ಕೆ, ಡಿಗ್ರಿ ಉದ್ದಕ್ಕೆ ಹಾಕಿ ಚುಕ್ಕಿ ಇಡಿ. ಕೊನೆಯಲ್ಲಿ ನಿಧಾನಕ್ಕೆ ಹತ್ತುವ ಚುಕ್ಕಿಗಳಿದ್ದಾವಲ್ಲ, ಅವುಗಳ ಮೇಲೆ ಸ್ಕೇಲ್ ಇಟ್ಟು ಗೆರೆಯನ್ನು ಹಿಂದಕ್ಕೆ, ಯೂರಿಯಾ ಸುರಿದ ಕ್ಷಣದವರೆಗೆ ಎಳೆಯಿರಿ. ಗೆರೆ ಅಲ್ಲಿ ಮುಟ್ಟಿದ ಡಿಗ್ರಿಯೇ ಲೆಕ್ಕಕ್ಕೆ. ನಮಗೆ 17 ಬಂತು. ಅಂದರೆ ಇಳಿದಿದ್ದು 9 ಡಿಗ್ರಿ.

ಈಗ ಲೆಕ್ಕ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸೋಕೆ 4.18 ಜೂಲ್ ಬೇಕು, ನೀರೇ ಅಷ್ಟನ್ನು ಹೊರಗೆ ಕೊಟ್ಟರೆ ಅದು ಒಂದು ಡಿಗ್ರಿ ಇಳಿಯುತ್ತದೆ. ಕಪ್ಪಿನಲ್ಲಿ ಒಟ್ಟು 60 ಗ್ರಾಂ ಇದೆ. 60 ಗುಣಿಸು 4.18 ಗುಣಿಸು 9, ಸುಮಾರು 2260 ಜೂಲ್, ಅಂದರೆ 2.26 ಕಿಲೋಜೂಲ್. ಮೋಲ್ ಅಂದರೆ ಡಜನ್ ಇದ್ದ ಹಾಗೆ, ಅಣುಗಳನ್ನು ಎಣಿಸುವ ಅಳತೆ. ಯೂರಿಯಾದ ಒಂದು ಮೋಲ್ 60 ಗ್ರಾಂ. ನಾವು ಹಾಕಿದ್ದು 10 ಗ್ರಾಂ, ಮೋಲಿನ ಆರನೇ ಒಂದು ಭಾಗ. ಹಾಗಾದರೆ ಒಂದು ಮೋಲಿಗೆ ಆರು ಪಟ್ಟು, ಸುಮಾರು 13.5 ಕಿಲೋಜೂಲ್. ಪುಸ್ತಕದಲ್ಲಿ ಕೊಡುವುದು ಸುಮಾರು 15. ಪೇಪರ್ ಕಪ್ಪಿಗೆ ಇದು ಫಸ್ಟ್ ಕ್ಲಾಸ್ ಉತ್ತರ.

ಕರಗುವುದು ರಾಸಾಯನಿಕ ಕ್ರಿಯೆಯೇ ಅಲ್ಲ, ಭೌತಿಕ ಬದಲಾವಣೆ ಅಂತ ಯಾರಾದರೂ ಹೇಳಬಹುದು. ಸರಿಯೇ. ಆದರೆ ಶಾಖದ ಲೆಕ್ಕ ಹಾಕುವ ರೀತಿ ಎರಡಕ್ಕೂ ಒಂದೇ, ಕೈ ಪಳಗಿಸೋಕೆ ಇದಕ್ಕಿಂತ ಸಲೀಸಾದದ್ದು ಇಲ್ಲ.

ಉಳಿದ ಯೂರಿಯಾ ನೀರನ್ನು ಚೆಲ್ಲಬೇಡಿ. ಐದು ಲೀಟರ್ ನೀರಿಗೆ ಬೆರೆಸಿ ಗಿಡಗಳಿಗೆ ಹಾಕಿ. ಹಾಗೇ ಹಾಕಿದರೆ ಗಿಡ ಸುಟ್ಟುಹೋಗುತ್ತದೆ.

ಮೈನಸ್ಸೋ ಪ್ಲಸ್ಸೋ?

ಹುಡುಗ ಎಡವಿದ್ದು ಇಲ್ಲೇ. ಥರ್ಮಾಮೀಟರ್ 9 ಡಿಗ್ರಿ ಇಳಿಯಿತು, ಆದರೂ ಉತ್ತರಕ್ಕೆ ಪ್ಲಸ್ ಹಾಕಬೇಕು. ಯಾಕೆ?

ಥರ್ಮಾಮೀಟರ್ ಇರುವುದು ನೀರಿನಲ್ಲಿ. ಡೆಲ್ಟಾ ಎಚ್ ಬರೆಯುವುದು ಯೂರಿಯಾದ ಲೆಕ್ಕದ ಪುಸ್ತಕದಲ್ಲಿ. ನೀರು ಕೊಟ್ಟಿತು, ತಣ್ಣಗಾಯಿತು. ಯೂರಿಯಾ ತಗೊಂಡಿತು, ಅದರ ಪುಸ್ತಕದಲ್ಲಿ ಜಮಾ, ಅಂದರೆ ಪ್ಲಸ್. ನಿಮ್ಮ ಜೇಬಿನಿಂದ ನೂರು ರೂಪಾಯಿ ಅಂಗಡಿಯವನಿಗೆ ಹೋದರೆ ನಿಮ್ಮ ಪುಸ್ತಕದಲ್ಲಿ ಖರ್ಚು, ಅವನ ಪುಸ್ತಕದಲ್ಲಿ ಜಮಾ, ಅಲ್ವಾ? ನೋಟು ಒಂದೇ. ಯಾರ ಪುಸ್ತಕ ಅಂತ ಗೊತ್ತಿಲ್ಲದೆ ಚಿಹ್ನೆ ಹಾಕಿದರೆ ಉಲ್ಟಾ ಆಗುತ್ತದೆ. ಪರೀಕ್ಷೆಯಲ್ಲಿ ಮಾರ್ಕ್ಸ್ ಹೋಗುವುದು ಬಹಳ ಸಲ ಇದೇ ಕಾರಣಕ್ಕೆ.

ಇದನ್ನು ಹೇಳಿದ ಮೇಲೆ ಅವನೇ ಕೇಳಿದ: "ಹಾಗಾದ್ರೆ ಗ್ಲೂಕೋಸ್ ಪುಡಿ ಬಾಯಿಗೆ ಹಾಕಿದ್ರೆ ತಣ್ಣಗೆ ಅನಿಸೋದೂ ಇದೇನಾ?" ಅದೇ. ಕರಗೋಕೆ ಬೇಕಾದ ಶಾಖವನ್ನು ನಾಲಿಗೆಯಿಂದ ಕೀಳುತ್ತದೆ. ಈನೋ ನೀರಿಗೆ ಹಾಕಿದಾಗಲೂ ಅಷ್ಟೇ. ಅದರಲ್ಲಿರುವುದು ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಮ್ಲ, ಇದು ನಿಜವಾದ ರಾಸಾಯನಿಕ ಕ್ರಿಯೆ, ಬುರುಬುರು ಅಂತ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಆದರೂ ನೀರು ತಣ್ಣಗಾಗುತ್ತದೆ. ಸ್ವಲ್ಪ ನೀರಲ್ಲಿ ಒಂದು ಪ್ಯಾಕೆಟ್ ಹಾಕಿ ಅಳೆದು ನೋಡಿ. ಇಷ್ಟು ಆರ್ಭಟ ಮಾಡುವ ಕ್ರಿಯೆ ಬಿಸಿಯಾಗಿಯೇ ಇರುತ್ತದೆ ಅಂದುಕೊಂಡವರು ಬೆಪ್ಪಾಗುತ್ತಾರೆ.

ಶಕ್ತಿ ಕೊಟ್ಟು ನಡೆಯಬೇಕಾದ ಕ್ರಿಯೆ ತಾನಾಗಿ ಯಾಕೆ ನಡೆಯುತ್ತದೆ? ಕಣಗಳು ಹರಡಿಕೊಳ್ಳೋಕೆ ಅವಕಾಶ ಸಿಕ್ಕಿದರೆ, ಗಾಳಿಯಾಗಿ ಹಾರಿಹೋಗೋಕೆ ದಾರಿ ಸಿಕ್ಕಿದರೆ, ಸುತ್ತಲಿನ ಶಾಖವನ್ನು ಸಾಲ ಪಡೆದಾದರೂ ಹೋಗುತ್ತವೆ. ಅದರ ಹೆಸರು ಎಂಟ್ರೊಪಿ. ಅದನ್ನು ಇಲ್ಲಿ ಬಿಡಿಸುತ್ತಾ ಕೂತರೆ ಸುಣ್ಣಕ್ಕೆ ಹೋಗೋಕೆ ಆಗುವುದಿಲ್ಲ.

ಬಿಸಿಯಾಗುವವು: ತುಕ್ಕು ಮತ್ತು ಸೋಡಾ

ತುಕ್ಕು ಹಿಡಿಯುವಾಗ ಕಬ್ಬಿಣ ಶಾಖ ಬಿಡುತ್ತದೆ. ಕಿಟಕಿ ಸರಳಿಗೆ ತುಕ್ಕು ಹಿಡಿಯುವಾಗ ಯಾರಿಗೂ ಗೊತ್ತಾಗುವುದಿಲ್ಲ, ಅಷ್ಟು ನಿಧಾನ. ಬೇಗ ಮಾಡಿಸಬೇಕೆಂದರೆ ಸ್ಟೀಲ್ ವುಲ್ ತಗೊಳ್ಳಿ. ಹುಷಾರು, ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ಅಲ್ಲ. ಅದು ಸ್ಟೇನ್‌ಲೆಸ್ ಸ್ಟೀಲ್, ವರ್ಷಗಟ್ಟಲೆ ಸಿಂಕಿನಲ್ಲಿದ್ದರೂ ತುಕ್ಕು ಹಿಡಿಯುವುದಿಲ್ಲ. ನಾವು ಅದನ್ನೇ ವಿನೆಗರ್‌ನಲ್ಲಿ ನೆನೆಸಿ ಅರ್ಧ ಗಂಟೆ ಕಾದು ಕೂತಿದ್ದೆವು, ಥರ್ಮಾಮೀಟರ್ ಅಲ್ಲಾಡಲಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಪಾಲಿಶ್ ಕೆಲಸಕ್ಕೆ ಅಂತ ಕೂದಲಿನ ಹಾಗೆ ನುಣ್ಣಗಿರುವ ಸ್ಟೀಲ್ ವುಲ್ ಸಿಗುತ್ತದೆ, ಅದು ಬೇಕು. ಒಂದು ನಿಮಿಷ ವಿನೆಗರ್‌ನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಥರ್ಮಾಮೀಟರಿನ ಕಡ್ಡಿಗೆ ಸುತ್ತಿ ಲೋಟದಲ್ಲಿಟ್ಟು ಮುಚ್ಚಿ. ಐದು ನಿಮಿಷದಲ್ಲಿ ಕೆಲವು ಡಿಗ್ರಿ ಏರುತ್ತದೆ. ಚಳಿ ದೇಶದಲ್ಲಿರುವವರು, ಹಿಮಾಲಯದ ಕಡೆ ಚಾರಣಕ್ಕೆ ಹೋದವರು ಜೇಬಲ್ಲಿಟ್ಟುಕೊಳ್ಳುವ ಕೈ ಬಿಸಿ ಮಾಡುವ ಪೊಟ್ಟಣ ಇದೆಯಲ್ಲ, ಅದರೊಳಗೆ ಇರುವುದೂ ಕಬ್ಬಿಣದ ಪುಡಿಯೇ.

ಬಟ್ಟೆ ಸೋಡಾದ ಒಂದು ತಮಾಷೆ. ನೀರಿನಂಶ ಪೂರ್ತಿ ಹೋಗಿರುವ ಬಿಳಿ ಪುಡಿ ಸೋಡಾ ನೀರಿಗೆ ಹಾಕಿದರೆ ಬಿಸಿಯಾಗುತ್ತದೆ. ಗಾಜಿನ ಹಾಗೆ ಹೊಳೆಯುವ ಹರಳು ಸೋಡಾ ಹಾಕಿದರೆ ತಣ್ಣಗಾಗುತ್ತದೆ. ಎರಡೂ ಸೋಡಿಯಂ ಕಾರ್ಬೊನೇಟೇ. ಹರಳಿನೊಳಗೆ ನೀರು ಮೊದಲೇ ಸೇರಿ ಕೂತಿರುತ್ತದೆ, ಸೇರುವಾಗ ಬಿಡಬೇಕಾದ ಶಾಖವನ್ನು ಅದು ಹಿಂದೆಯೇ ಬಿಟ್ಟಾಗಿದೆ. ಈ ಮಾತು ನೆನಪಿಟ್ಟುಕೊಳ್ಳಿ, ಸುಣ್ಣದ ಹತ್ತಿರ ಮತ್ತೆ ಬರುತ್ತದೆ.

ಒಂದು ಕಡಲೆಕಾಯಿ ಬೀಜ ಸುಡುವುದು

ಇದು ನೋಡೋಕೆ ಚೆಂದ, ಅಳೆಯೋಕೆ ಕಷ್ಟ. ಆಲೂಗಡ್ಡೆ ಹೋಳಿಗೆ ಒಂದು ಪಿನ್ನು ಚುಚ್ಚಿ, ಪಿನ್ನಿನ ತುದಿಗೆ ಕಡಲೆಕಾಯಿ ಬೀಜ ಸಿಕ್ಕಿಸಿ. ಮೇಲೆ ಖಾಲಿ ತಗಡಿನ ಡಬ್ಬದಲ್ಲಿ 100 ಮಿಲಿ ನೀರು ತೂಗುಹಾಕಿ. ಬೀಜಕ್ಕೆ ಬೆಂಕಿ ಹಚ್ಚಿ ಡಬ್ಬದ ಕೆಳಗೆ ತಳ್ಳಿ. ಹತ್ತಿಕೊಳ್ಳೋಕೆ ಹಟ ಮಾಡುತ್ತದೆ, ಹತ್ತಿದ ಮೇಲೆ ಎಣ್ಣೆ ದೀಪದ ಹಾಗೆ ಉರಿಯುತ್ತದೆ. ಕಿಟಕಿ ತೆಗೆದಿರಿ, ಫ್ಯಾನ್ ಆರಿಸಿರಿ. ಕಡಲೆಕಾಯಿ ಅಲರ್ಜಿ ಇರುವವರು ಮನೆಯಲ್ಲಿದ್ದರೆ ಇದನ್ನು ಬಿಟ್ಟುಬಿಡಿ.

ಒಂದು ಬೀಜದ ತೂಕ ನಮ್ಮ ತಕ್ಕಡಿಗೆ ಸಿಗುವುದಿಲ್ಲ. 20 ಬೀಜ ತೂಗಿ ಭಾಗಿಸಿ. ನಮ್ಮದು ಬೀಜಕ್ಕೆ ಅರ್ಧ ಗ್ರಾಂ ಬಂತು. ನೀರು ಏರಿದ್ದು 9 ಡಿಗ್ರಿ. 100 ಗುಣಿಸು 4.18 ಗುಣಿಸು 9, ಸುಮಾರು 3.8 ಕಿಲೋಜೂಲ್. ಆದರೆ 100 ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 567 ಕಿಲೋಕ್ಯಾಲರಿ ಇದೆ, ಆ ಲೆಕ್ಕಕ್ಕೆ ಅರ್ಧ ಗ್ರಾಮಿಗೆ 12 ಕಿಲೋಜೂಲ್ ಹತ್ತಿರ ಬರಬೇಕು. ಮೂರರಲ್ಲಿ ಎರಡು ಪಾಲು ಎಲ್ಲಿ ಹೋಯಿತು? ಡಬ್ಬದ ಪಕ್ಕದಿಂದ ಮೇಲೆ ಹೋದ ಬಿಸಿ ಗಾಳಿ, ಡಬ್ಬದ ತಳಕ್ಕೆ ಹತ್ತಿದ ಮಸಿ, ಪಿನ್ನಿನ ಮೇಲೆ ಉಳಿದ ಇದ್ದಿಲು, ಎಲ್ಲದರಲ್ಲೂ ಹಂಚಿಹೋಯಿತು.

ಹುಡುಗನಿಗೆ ಬೇಜಾರಾಯಿತು. ಬೇಜಾರಾಗುವಂಥದ್ದೇನಿಲ್ಲ. ಅಡುಗೆ ಗ್ಯಾಸಿನ ಒಲೆಗೇ ಭಾರತೀಯ ಮಾನಕ ಕೇಳುವ ಕನಿಷ್ಠ ದಕ್ಷತೆ 68 ಶೇಕಡಾ, ಉಳಿದದ್ದು ಅಡುಗೆಮನೆಯನ್ನು ಕಾಯಿಸುತ್ತದೆ. ಬೆಂಗಳೂರಿನಲ್ಲಿ 25 ಡಿಗ್ರಿಯ ಒಂದು ಲೀಟರ್ ನೀರನ್ನು 97ಕ್ಕೆ ಕುದಿಸೋಕೆ ಸುಮಾರು 300 ಕಿಲೋಜೂಲ್ ಬೇಕು. ಒಂದು ಗ್ರಾಂ ಗ್ಯಾಸ್ ಸುಮಾರು 46 ಕಿಲೋಜೂಲ್ ಕೊಡುತ್ತದೆ. ಆರೂವರೆ ಗ್ರಾಂ ಸಾಕು ಅನ್ನಿಸುತ್ತದೆ, ಒಲೆಯಲ್ಲಿ ಸೋರುವುದನ್ನು ಸೇರಿಸಿದರೆ ಹತ್ತು ಗ್ರಾಂ ಹತ್ತಿರ ಹೋಗುತ್ತದೆ. 14.2 ಕಿಲೋ ಸಿಲಿಂಡರ್ ಎಷ್ಟು ಲೀಟರ್ ನೀರು ಕುದಿಸುತ್ತದೆ ಅಂತ ಈಗ ನೀವೇ ಭಾಗಿಸಿಕೊಳ್ಳಿ. ಪಾತ್ರೆಗೆ ಮುಚ್ಚಳ ಹಾಕುವುದನ್ನು ಮಾತ್ರ ಮರೆಯಬೇಡಿ.

ಶಕ್ತಿ ಎಲ್ಲಿಂದ ಬರುತ್ತದೆ?

"ಬಂಧ ಮುರಿದಾಗ ಶಕ್ತಿ ಬಿಡುಗಡೆಯಾಗುತ್ತದೆ" ಅಂತ ಹೇಳುವ ಮಕ್ಕಳು ಬಹಳ ಜನ. ಕೆಲವು ಗೈಡ್‌ಗಳಲ್ಲೂ ಹಾಗೇ ಬರೆದಿರುತ್ತಾರೆ. ಪೂರ್ತಿ ತಪ್ಪು. ಹೆಂಚಿಗೆ ಅಂಟಿದ ದೋಸೆ ಎಬ್ಬಿಸಿದವರನ್ನು ಕೇಳಿ. ಅಂಟಿದ್ದನ್ನು ಬಿಡಿಸೋಕೆ ನಾವೇ ಬಲ ಹಾಕಬೇಕು, ದೋಸೆ ತಾನಾಗಿ ಎದ್ದು ನಮಗೆ ಬಲ ಕೊಟ್ಟಿದ್ದನ್ನ ಯಾರೂ ಕಂಡಿಲ್ಲ. ಪರಮಾಣುಗಳೂ ಹಾಗೆ. ಬಿಡಿಸೋಕೆ ಯಾವಾಗಲೂ ಶಕ್ತಿ ಕೊಡಬೇಕು. ಹೊಸ ಜೋಡಿ ಅಂಟಿಕೊಂಡಾಗ ಶಕ್ತಿ ಹೊರಬರುತ್ತದೆ. ಎರಡರ ವ್ಯತ್ಯಾಸವೇ ನಮ್ಮ ಥರ್ಮಾಮೀಟರಿಗೆ ಕಾಣುವುದು.

ಒಂದು ಸಲ ಅಂಕಿ ಹಾಕಿ ನೋಡಿ. ಹೈಡ್ರೋಜನ್ ಮತ್ತು ಕ್ಲೋರಿನ್ ಸೇರಿ ಹೈಡ್ರೋಜನ್ ಕ್ಲೋರೈಡ್ ಆಗುವುದನ್ನು ತಗೊಳ್ಳಿ. ಹೈಡ್ರೋಜನ್ ಜೋಡಿ ಬಿಡಿಸೋಕೆ ಮೋಲಿಗೆ 436 ಕಿಲೋಜೂಲ್, ಕ್ಲೋರಿನ್ ಜೋಡಿಗೆ 242. ಒಟ್ಟು ಖರ್ಚು 678. ಆಮೇಲೆ ಎರಡು ಹೊಸ ಬಂಧ ಆಗುತ್ತವೆ, ಒಂದೊಂದಕ್ಕೂ 431, ಒಟ್ಟು 862 ವಾಪಸ್ ಬರುತ್ತದೆ. 678 ಕೊಟ್ಟು 862 ಪಡೆದರೆ 184 ಮಿಕ್ಕಿತು. ಅದು ಹೊರಗೆ ಹೋಯಿತು. ಅದಕ್ಕೇ ಡೆಲ್ಟಾ ಎಚ್ ಮೈನಸ್ 184.

ಲಾಭ ಬರುವ ವ್ಯಾಪಾರಕ್ಕೂ ಮೊದಲು ಬಂಡವಾಳ ಹಾಕಬೇಕು. ಗ್ಯಾಸ್ ಬರ್ನರಿನಿಂದ ಬಂದ ತಕ್ಷಣ ತಾನಾಗಿ ಉರಿಯದೆ ಲೈಟರ್ ಕಿಡಿಗೆ ಕಾಯುವುದು ಇದಕ್ಕೇ. ಮೊದಲ ಕೆಲವು ಅಣುಗಳ ಬಂಧ ಕಿಡಿ ಬಿಡಿಸುತ್ತದೆ, ಅವು ಬಿಟ್ಟ ಶಾಖದಲ್ಲಿ ಪಕ್ಕದವು ಹತ್ತಿಕೊಳ್ಳುತ್ತವೆ. ಆ ಮೊದಲ ಬಂಡವಾಳಕ್ಕೆ ಕ್ರಿಯಾಶೀಲನ ಶಕ್ತಿ ಅನ್ನುತ್ತಾರೆ.

ಈಗ ಸುಣ್ಣ

ಇದು ಹತ್ತನೇ ಕ್ಲಾಸಿನ ವಿಜ್ಞಾನದ ಮೊದಲ ಪಾಠದಲ್ಲೇ ಇದೆ. ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಹೊಡೆಯುತ್ತಿದ್ದ ಕಾಲದವರಿಗೆ ಪಾಠ ಬೇಡ. ಹಂಡೆಯಲ್ಲಿ ಸುಣ್ಣದ ಕಲ್ಲಿಗೆ ನೀರು ಬಿಟ್ಟರೆ ಕೊತಕೊತ ಕುದಿಯುತ್ತಿತ್ತು, ಕಲ್ಲು ಚಟಚಟ ಅಂತ ಬಿರಿದು ಬೆಣ್ಣೆಯಂಥ ಹಿಟ್ಟಾಗುತ್ತಿತ್ತು, ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ನೀವೂ ಬಿಡಬೇಡಿ. ಇದನ್ನು ದೊಡ್ಡವರು ಮಾಡಬೇಕು, ಮಕ್ಕಳು ದೂರ ನಿಂತು ಡಿಗ್ರಿ ಓದಬೇಕು. ಕಣ್ಣಿಗೆ ಗಾಗಲ್ಸ್, ಕೈಗೆ ಗವಸು, ತುಂಬು ತೋಳಿನ ಅಂಗಿ ಇಲ್ಲದೆ ಶುರು ಮಾಡಲೇಬೇಡಿ. ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು. ಬಿದ್ದರೆ ಆ ಕ್ಷಣವೇ ಹರಿಯುವ ನೀರಲ್ಲಿ ಹದಿನೈದು-ಇಪ್ಪತ್ತು ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ. ಮುಚ್ಚಳ ಬಿಗಿದ ಬಾಟಲಿಯಲ್ಲಿ ಯಾವತ್ತೂ ಮಾಡಬಾರದು, ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಸುಣ್ಣ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ನೀರಿಗೆ ಸುಣ್ಣ ಹಾಕಿ, ಸುಣ್ಣಕ್ಕೆ ನೀರು ಹಾಕಬೇಡಿ. ಸುಣ್ಣ ಜಾಸ್ತಿ, ನೀರು ಕಮ್ಮಿ ಆದರೆ ನೀರು ಕುದಿದು ಎರಚುತ್ತದೆ.

ಬೇಕಾಗಿರುವುದು ಸುಟ್ಟ ಸುಣ್ಣ, ಅಂದರೆ ಕಲ್ಲು ಕಲ್ಲಾಗಿರುವುದು. ಈಗ ಅಂಗಡಿಯಲ್ಲಿ ಚೀಲದಲ್ಲಿ ಸಿಗುವ ಪುಡಿ ಬಹುಪಾಲು ಮೊದಲೇ ಅರಳಿಸಿದ, ಅಂದರೆ ನೀರು ಸೇರಿಸಿದ ಸುಣ್ಣ. ಅದಕ್ಕೆ ಎಷ್ಟು ನೀರು ಹಾಕಿದರೂ ಬಿಸಿಯಾಗುವುದಿಲ್ಲ, ಹರಳು ಸೋಡಾದ ಕತೆಯೇ ಇಲ್ಲೂ.

ಸ್ಟೀಲ್ ಲೋಟಕ್ಕೆ ಹಳೇ ಟವೆಲ್ ಸುತ್ತಿ 100 ಮಿಲಿ ನೀರು ಹಾಕಿ. ಸುಣ್ಣದ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಕಡಲೆಕಾಳಿನಷ್ಟು ದಪ್ಪಕ್ಕೆ ಜಜ್ಜಿ, 10 ಗ್ರಾಂ ತೂಗಿ, ನೀರಿಗೆ ಬಿಡಿ. ಮೊದಲು ಏನೂ ಆಗುವುದಿಲ್ಲ. ಕಲ್ಲಿನಿಂದ ಗುಳ್ಳೆ ಏಳುತ್ತದೆ, ಅಷ್ಟೇ. ಒಂದು ನಿಮಿಷ ಕಳೆಯುತ್ತದೆ. ಆಮೇಲೆ ಸಣ್ಣಗೆ ಸುಯ್ ಅನ್ನುವ ಸದ್ದು, ಕಲ್ಲಿನ ಮೇಲೆ ಕೂದಲೆಳೆಯಷ್ಟು ಬಿರುಕು, ಬಿರುಕಿನಿಂದ ಬಿಳಿ ಮೋಡ ಇಳಿಯುತ್ತದೆ. ಇದ್ದಕ್ಕಿದ್ದ ಹಾಗೆ ಥರ್ಮಾಮೀಟರ್ ಓಡೋಕೆ ಶುರುವಾಗುತ್ತದೆ.

ನಮ್ಮದು 26ರಿಂದ 41ಕ್ಕೆ ಹೋಗಿ ನಿಂತಿತು. 15 ಡಿಗ್ರಿ. 110 ಗ್ರಾಂ ಅಂತ ಹಿಡಿದರೆ 6.9 ಕಿಲೋಜೂಲ್. ಪುಸ್ತಕದ ಪ್ರಕಾರ ಒಂದು ಮೋಲ್, ಅಂದರೆ 56 ಗ್ರಾಂ ಸುಟ್ಟ ಸುಣ್ಣ ಅರಳಿದರೆ 65 ಕಿಲೋಜೂಲ್ ಬರುತ್ತದೆ. 10 ಗ್ರಾಮಿಗೆ 11.6 ಬರಬೇಕಿತ್ತು, ನೀರು 25 ಡಿಗ್ರಿ ಏರಬೇಕಿತ್ತು. ನಮಗೆ ಸಿಕ್ಕಿದ್ದು ಅದರಲ್ಲಿ ನೂರಕ್ಕೆ ಅರುವತ್ತು ಪಾಲು. ಸ್ಟೀಲ್ ಲೋಟ ಸ್ವಲ್ಪ ನುಂಗಿತು, ಕ್ರಿಯೆ ನಿಧಾನವಾದ್ದರಿಂದ ಗಾಳಿಗೆ ಸ್ವಲ್ಪ ಹೋಯಿತು. ದೊಡ್ಡ ಕಾರಣ ಮಾತ್ರ ಸುಣ್ಣವೇ. ತಂದ ಪೊಟ್ಟಣದ ತಳದಲ್ಲಿ ಒಂದಷ್ಟು ಪುಡಿ ಇತ್ತು, ಅದು ಅಂಗಡಿಯಲ್ಲಿ ಕೂತು ಗಾಳಿಯ ತೇವ ಹೀರಿ ಆಗಲೇ ಅರಳಿದ್ದು. ನಾವು ಅದನ್ನೂ ಸೇರಿಸಿ ತೂಗಿದ್ದೆವು. ನೀವು ಗಟ್ಟಿ ಕಲ್ಲು ಮಾತ್ರ ಆರಿಸಿಕೊಳ್ಳಿ.

65 ಎಲ್ಲಿಂದ ಬಂತು?

ಈ ಬಿಸಿಯನ್ನು ಕಲ್ಲಿನೊಳಗೆ ಇಟ್ಟವರು ಸುಣ್ಣದ ಗೂಡಿನವರು. ಇನ್ನೂ ಸುಡದ ಸುಣ್ಣಕಲ್ಲನ್ನು, ಕರಾವಳಿಯಲ್ಲಾದರೆ ಚಿಪ್ಪನ್ನು, ಇದ್ದಿಲು ಸೌದೆ ಜೊತೆ ಪದರ ಪದರವಾಗಿ ಗೂಡಿಗೆ ತುಂಬಿ ಸುಮಾರು 900 ಡಿಗ್ರಿಗೆ ಸುಡುತ್ತಾರೆ. ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, 100 ಗ್ರಾಂ ಕಲ್ಲು 56 ಗ್ರಾಂ ಆಗುತ್ತದೆ, ಎತ್ತಿದರೆ ಕೈಗೆ ಹಗುರ ಅನ್ನಿಸುತ್ತದೆ. ಇದು ಅಂತರುಷ್ಣಕ ಕ್ರಿಯೆ. ಒಂದು ಮೋಲಿಗೆ 178 ಕಿಲೋಜೂಲ್ ಕೊಡಬೇಕು, ಪ್ಲಸ್ 178.

ಪುಸ್ತಕದ ಲೆಕ್ಕದಲ್ಲಿ, ಅದರಲ್ಲಿ ಲೋಟದಲ್ಲಿ ವಾಪಸ್ ಬರುವುದು 65. ಬಾಕಿ 113 ಎಲ್ಲಿ? ಅದಿನ್ನೂ ಅರಳಿದ ಸುಣ್ಣದೊಳಗೇ ಇದೆ. ಗೋಡೆಗೆ ಹೊಡೆದ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ನೀರು ಬಿಟ್ಟು, ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಆ ಕ್ರಿಯೆಯ ಡೆಲ್ಟಾ ಎಚ್ ಮೈನಸ್ 113. ಕೂಡಿಸಿ ನೋಡಿ: 178ರಲ್ಲಿ 65 ಕಳೆದು 113 ಕಳೆದರೆ ಸೊನ್ನೆ. ಕಲ್ಲಿನಿಂದ ಹೊರಟು ಕಲ್ಲಿಗೇ ಬಂದರೆ ಲೆಕ್ಕ ಚುಕ್ತಾ ಆಗಲೇಬೇಕು. ಯಾವ ದಾರಿಯಲ್ಲಿ ಹೋದರೂ ಶುರು ಮತ್ತು ಕೊನೆ ಒಂದೇ ಆಗಿದ್ದರೆ ಒಟ್ಟು ಶಾಖ ಒಂದೇ ಅಂತ 1840ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹೆಸ್ ಅನ್ನುವ ರಸಾಯನಶಾಸ್ತ್ರಜ್ಞ ಹೇಳಿದ್ದು ಇದನ್ನೇ. ಪಿಯುಸಿಯಲ್ಲಿ ಹೆಸ್ಸನ ನಿಯಮ ಅಂತ ನಾಲ್ಕೈದು ಸಮೀಕರಣ ಕೊಟ್ಟು ಅದಲುಬದಲು ಮಾಡಿಸುತ್ತಾರೆ, ಮಕ್ಕಳು ಯಾವುದನ್ನು ತಿರುಗಿಸಬೇಕು ಅಂತ ಒದ್ದಾಡುತ್ತಾರೆ. ಸುಣ್ಣದ ಈ ಮೂರು ಮೆಟ್ಟಿಲು ಬರೆಸಿ, ಮೂರನೇದರ ಅಂಕಿ ಮುಚ್ಚಿಟ್ಟು ಕಂಡುಹಿಡಿ ಅನ್ನಿ. ಹುಡುಗ ಎರಡು ನಿಮಿಷದಲ್ಲಿ ಮಾಡಿದ, ಚಿಹ್ನೆಯೂ ಸರಿ ಹಾಕಿದ.

"ಹಾಗಾದ್ರೆ ಸುಣ್ಣ ಹೊಡೆದ ಗೋಡೆ ಬಿಸಿಯಾಗಬೇಕಲ್ಲ ಮಾಮ?" ಅಂದ. ಒಳ್ಳೆ ಪ್ರಶ್ನೆ. ಶಾಖ ಬರುತ್ತದೆ, ಆದರೆ ದಿನಗಟ್ಟಲೆ, ವಾರಗಟ್ಟಲೆ ನಿಧಾನಕ್ಕೆ ಬರುತ್ತದೆ, ಬಂದ ಹಾಗೇ ಗಾಳಿಗೆ ಹೋಗುತ್ತದೆ. ನಮ್ಮ ಥರ್ಮಾಮೀಟರಿಗೆ ಸಿಗುವುದಿಲ್ಲ. ಬಿಸಿ ಸಿಗದಿದ್ದರೂ ಕ್ರಿಯೆ ನಡೆಯುತ್ತಿದೆ ಅಂತ ಕಣ್ಣಿಗೆ ತೋರಿಸಬಹುದು. ಲೋಟದ ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ನೀರನ್ನು ಅಗಲ ತಟ್ಟೆಗೆ ಬಗ್ಗಿಸಿ, ಮಕ್ಕಳ ಕೈಗೆ ಸಿಗದ ಕಡೆ, ಮುಚ್ಚದೆ ಇಡಿ. ನಾವು ರಾತ್ರಿ ಇಟ್ಟಿದ್ದೆವು. ಬೆಳಿಗ್ಗೆ ನೋಡಿದರೆ ನೀರಿನ ಮೇಲೆ ಹಾಲಿನ ಕೆನೆಯಂಥ ತೆಳು ಬಿಳಿ ಪೊರೆ ಕಟ್ಟಿತ್ತು, ಕಡ್ಡಿಯಲ್ಲಿ ಮುಟ್ಟಿದರೆ ಚೂರು ಚೂರಾಗಿ ಒಡೆದು ಮುಳುಗಿತು. ಅದು ಸುಣ್ಣಕಲ್ಲು.